ತ್ರಿಯೆಸ್ತೆಯಲ್ಲಿ ಬೈಟು ಗೆದ್ದ ದಿನ

ತ್ರಿಯೆಸ್ತೆ ಬಂದರು, ಇಟಲಿ
೨೩೧೨, ಫೆಬ್ರವರಿ ೩೦

ಯಾವುದೋ ದರ್ಶಿನಿಯಲ್ಲಿ ಎತ್ತರದ ಮೇಜಿಗೆ ಮೊಣಕೈ ಊರಿ ನಿಂತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮ ಕಾಲದವರು ಹಳೆಯ ಅನ್ಯಾಯವೊಂದನ್ನು ಸರಿಪಡಿಸಿದ್ದಾರೆ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಿ. ತಲೆಮಾರುಗಟ್ಟಲೆ ಪರದೇಶದ ಕಡಲ ದಂಡೆಯಲ್ಲಿ ಬಾಳಿದ ಮಾತಿಗೆ ಒಂದಿಷ್ಟು ಉಪ್ಪು ಹತ್ತಿಯೇ ಇರುತ್ತದೆ.

ನನ್ನ ಹೆಸರು ಸೌಗಂಧಿ. ಊರು ತೋರಿಸುವುದು ನನ್ನ ಕಸುಬು. ಬೆಳಗ್ಗೆ ಗುಡ್ಡದ ಮೇಲಿನ ಕೋಟೆಯಿಂದ ಶುರುಮಾಡಿ, ಕಾಲುವೆಯ ದಂಡೆಯಲ್ಲಿ ಇಳಿದು, ಜನರನ್ನು ಏರುಚೌಕಕ್ಕೆ ತಂದು ನಿಲ್ಲಿಸುತ್ತೇನೆ. ಮೂರು ಕಡೆ ಅರಮನೆಯಂಥ ಕಟ್ಟಡಗಳು, ನಾಲ್ಕನೆಯ ಕಡೆ ಬರೀ ಕಡಲು. ನೀರು ಏರಿಬಂದ ಕಾಲದಲ್ಲಿ ಊರವರು ಈ ಚೌಕವನ್ನು ಕಲ್ಲುಕಲ್ಲಾಗಿ ಬಿಚ್ಚಿ, ಎರಡಾಳು ಎತ್ತರಕ್ಕೆ ಏರಿಸಿ, ಮತ್ತೆ ಹಾಗೆಯೇ ಜೋಡಿಸಿದರು. ಅದಕ್ಕೇ ಆ ಹೆಸರು. ಮಧ್ಯಾಹ್ನ ಯೋತಾ ಉಣ್ಣಿಸುತ್ತೇನೆ. ಹುಳಿ ಬರಿಸಿದ ಎಲೆಕೋಸು, ಕಾಳು, ಆಲೂಗಡ್ಡೆ ಹಾಕಿ ಕುದಿಸಿದ ದಪ್ಪನೆಯ ಸಾರು ಅದು. ನಮ್ಮ ಹುಳಿಗೆ ದೂರದ ದಾಯಾದಿ. ಕನ್ನಡದವರು ಮೊದಲ ತುತ್ತಿಗೆ ಮುಖ ಕಿವಿಚುತ್ತಾರೆ, ಮೂರನೆಯದಕ್ಕೆ ಇನ್ನೊಂದು ಬಟ್ಟಲು ಕೇಳುತ್ತಾರೆ. ಆಮೇಲೆ ಹುರಿದ ಮೀನು, ಬೀಜಗಳನ್ನು ತುಂಬಿ ಸುತ್ತಿದ ಸಿಹಿ. ಕೊನೆಗೆ ಎಲ್ಲರನ್ನೂ ಚೌಕದ ಮೂಲೆಯಲ್ಲಿರುವ ನಮ್ಮ ಕಾಫಿ ಅಂಗಡಿಗೇ ಕರೆತರುತ್ತೇನೆ. ಸ್ವಾರ್ಥ ಎನ್ನಿ, ನಾನೇನೂ ಬೇಡವೆನ್ನುವುದಿಲ್ಲ.

ಈ ಊರಿಗೆ ಚಳಿಗಾಲದಲ್ಲಿ ಬೋರಾ ಎಂಬ ಗಾಳಿ ಬರುತ್ತದೆ. ಗುಡ್ಡದಿಂದ ಕಡಲಿಗೆ ನುಗ್ಗುವಾಗ ಆಳನ್ನೇ ಕೆಡವುತ್ತದೆ. ಆಗ ಬೀದಿಗಳಲ್ಲಿ ಹಗ್ಗ ಕಟ್ಟುತ್ತಾರೆ. ಒಂದೇ ಹಗ್ಗ ಹಿಡಿದು ಚೌಕ ದಾಟಿದ ಇಬ್ಬರನ್ನು ‘ಹಗ್ಗಜೋಡಿ’ ಎನ್ನುತ್ತೇವೆ. ಅವರು ಅಪರಿಚಿತರಾಗಿರಲಿ, ಹಗೆಗಳೇ ಆಗಿರಲಿ. ನಮ್ಮ ಮುತ್ತಜ್ಜಿ ಚನ್ನರಾಯಪಟ್ಟಣದಿಂದ ಬಂದಿಳಿದ ದಿನವೂ ಅಂಥ ಗಾಳಿ. ಜೊತೆಗೆ ಹಗ್ಗ ಹಿಡಿದವಳನ್ನು ಕರೆದುಕೊಂಡು ಕಾಫಿಗೆ ಹೋಗಿ, ತನ್ನೂರಿನ ಅಭ್ಯಾಸದಂತೆ ಬೈಟು ಕೇಳಿದಳಂತೆ. ಇಲ್ಲಿಯ ಕಾಫಿಯೇ ಎರಡು ಗುಟುಕು. ಅದನ್ನೂ ಇಬ್ಬರಿಗೆ ಹಂಚು ಎಂದರೆ? ಅಂಗಡಿಯವನು ಹುಚ್ಚಿಯನ್ನು ನೋಡಿದಂತೆ ನೋಡಿದನಂತೆ. ಆದರೂ ಕೊಟ್ಟ. ಗಾಳಿಗೆ ನಡುಗುವ ಕೈಯಲ್ಲಿ ತುಂಬಿದ ಲೋಟ ತುಳುಕುತ್ತದೆ, ಅರ್ಧ ಲೋಟ ತುಳುಕುವುದಿಲ್ಲ. ಆ ದಡ್ಡತನದಲ್ಲಿದ್ದ ಜಾಣತನ ಊರಿಗೆ ಹಿಡಿಸಿತು. ಮುತ್ತಜ್ಜಿ ಅಂಗಡಿ ತೆರೆದಳು. ಹಗ್ಗಜೋಡಿಗಳು ಬೈಟು ಕುಡಿಯುವುದು ರೂಢಿಯಾಯಿತು.

ಈ ವರ್ಷ ಅದಕ್ಕೇ ಸಂಚಕಾರ ಬಂತು. ಏರುಚೌಕದಲ್ಲಿ ಅಂಗಡಿ ಇಡಬೇಕಾದರೆ, ಊರಿನದೇ ಎನ್ನಿಸಿಕೊಂಡ ಒಂದು ರುಚಿ ಅಲ್ಲಿರಬೇಕು. ಅದನ್ನು ತೀರ್ಮಾನಿಸುವುದು ರುಚಿಮಂಡಲಿ. ಅದರ ಹೊಸ ಅಧ್ಯಕ್ಷೆ ನೆರೀನಾ ವಿದಾಲಿ, ಬೈಟು ಪರದೇಶದ್ದು, ಈ ಊರಿನದಲ್ಲ ಎಂದು ವರದಿ ಬರೆದುಬಿಟ್ಟಳು. ನಮ್ಮಲ್ಲಿ ಬೇರೆ ಏನಿತ್ತು? ಮಂಡಲಿ ಒಪ್ಪಿದರೆ ಮುತ್ತಜ್ಜಿಯ ಕಾಲದ ಅಂಗಡಿ ಚೌಕ ಬಿಟ್ಟು ಹೊರಡಬೇಕು. ನಾನು ಅತ್ತುಬಿಟ್ಟೆ. ಅಮ್ಮ ದ್ಯಾವೀರಮ್ಮ ಮಾತ್ರ ಲೋಟ ಉಜ್ಜುತ್ತಾ, “ಬರ್ಲಿ ಬಿಡೇ. ಬಂದೋರಿಗೆ ಕಾಫಿ ಕೊಡೋದು ನಮ್ಮ ಕೆಲ್ಸ. ಆಮೇಲಿಂದು ಆಮೇಲೆ” ಎಂದಳು.

ನಿನ್ನೆ ಮಂಡಲಿ ಕೊನೆಯ ಪರಿಶೀಲನೆಗೆ ಬಂತು. ಸದಸ್ಯರು ಬೇಗನೆ ಬಂದು ಕೂತರು. ಅಧ್ಯಕ್ಷೆ ಟ್ರಾಮ್ ಇಳಿಯುವ ಹೊತ್ತಿಗೆ ಬೋರಾ ಎದ್ದಿತು. ಆಕೆ ಚೌಕದ ನಡುವೆ ಹಗ್ಗಕ್ಕೆ ಜೋತುಬಿದ್ದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ನಾವೆಲ್ಲ ಬಾಯಿ ತೆರೆದು ನೋಡುತ್ತಿರುವಾಗ ಅಮ್ಮ ಸೆರಗು ಸೊಂಟಕ್ಕೆ ಬಿಗಿದು ಹೊರಗೆ ನಡೆದೇಬಿಟ್ಟಳು! ಹಗ್ಗ ಹಿಡಿದು ಆಕೆಯ ತನಕ ಹೋಗಿ, ಬೆನ್ನಿಗೆ ಆತು ನಿಂತು, ಹೆಜ್ಜೆಹೆಜ್ಜೆಯಾಗಿ ಒಳಗೆ ಕರೆತಂದಳು.

ನೆರೀನಾಳ ಕೂದಲು ಕೆದರಿತ್ತು, ತುಟಿ ನೀಲಿಗಟ್ಟಿತ್ತು. ಎದುರಿಗೆ ಕೂತ ಮಂಡಲಿಯನ್ನು ಆಕೆ ನೋಡಲೇ ಇಲ್ಲ. ಅಮ್ಮನ ತೋಳು ಹಿಡಿದುಕೊಂಡೇ ನನ್ನ ಕಡೆ ತಿರುಗಿ, ಹುಟ್ಟಿದಾಗಿನಿಂದ ಆಡಿದ ತ್ರಿಯೆಸ್ತೆಯ ಆಡುಮಾತಿನಲ್ಲಿ, “ಒಂದು ಬೈಟು ಕೊಡೇ ಹುಡುಗಿ, ಬೇಗ, ನಮ್ಮಿಬ್ಬರಿಗೆ” ಎಂದಳು.

ಪರದೇಶದ್ದೆಂದು ಬರೆದದ್ದನ್ನೇ ಊರಮಾತಿನಲ್ಲಿ ಕೇಳಿಬಿಟ್ಟೆನೆಂದು ಆಕೆಗೆ ಹೊಳೆದದ್ದು ಅರ್ಧ ಲೋಟ ಬರಿದಾದ ಮೇಲೆ. ಮೊದಲು ಮಂಡಲಿ ನಕ್ಕಿತು, ಆಮೇಲೆ ಆಕೆಯೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬರೆದದ್ದನ್ನು ಅಲ್ಲೇ ಹೊಡೆದುಹಾಕಿ, ಬೈಟು ತ್ರಿಯೆಸ್ತೆಯದೇ ರುಚಿ ಎಂದು ತನ್ನ ಕೈಯಾರೆ ಬರೆದಳು. ನಾವು ಗೆದ್ದೆವು ಸ್ವಾಮಿ! ಇಂದು ಗೋಪುರದ ಗಂಟೆ ಬಾರಿಸಿ ಅದನ್ನು ಊರಿಗೆಲ್ಲ ಸಾರಿದರು. ಅಮ್ಮ ಬಾಗಿಲಲ್ಲಿ ನಿಂತು ಕೇಳಿ, ಮತ್ತೆ ಲೋಟ ಉಜ್ಜಲು ಹೋದಳು.

ಹಿರಿಯರೇ, ನಿಮ್ಮಲ್ಲಿ ಒಂದೇ ಕೋರಿಕೆ. ನೀವು ಬೈಟು ಹೇಳುವಾಗ ಅಕ್ಕಪಕ್ಕ ನೋಡಿ ದನಿ ತಗ್ಗಿಸುತ್ತೀರೆಂದು ಕೇಳಿದ್ದೇನೆ. ಇನ್ನು ಮೇಲೆ ಗಟ್ಟಿಯಾಗಿ ಹೇಳಿ. ಮುನ್ನೂರು ವರ್ಷದ ಆಚೆ ಗಾಳಿಯಲ್ಲಿ ನಡುಗುತ್ತಿರುವವರಿಗೂ ಅದು ಕೇಳಿಸಬೇಕು.

ನಿಮ್ಮ ಮನೆಮಗಳು,
ಸೌಗಂಧಿ