ಉಣ್ಣೆಗೆಂದು ಮುಚ್ಚಿದ ಬೀಳು

ಹನಗೋಡು
11-2-2001

ಅಕ್ಕ ಮಲ್ಲಾಜಮ್ಮನಿಗೆ ತಂಗಿ ವಿಮಲ ಮಾಡುವ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಚೆನ್ನಾಗಿಲ್ಲ ಅಕ್ಕ. ಹೊಳೆ ದಾಟಿದರೆ ಸಿಗುವ ಒಡಹುಟ್ಟಿದವಳಿಗೆ ಕಾಗದ ಬರೆಯುವಂತಾಗಿದೆ, ಹೇಗೆ ಚೆನ್ನಾಗಿರಲಿ? ಮೊನ್ನೆ ಮಗಳು ಪುಟ್ಟಿಯನ್ನು ಕಳಿಸಿದರೆ, "ನಿಮ್ಮವ್ವಂಗೆ ಯೋಳು, ನಾ ಇನ್ನು ಆ ಒಳೆ ದಾಟಾಕಿಲ್ಲ" ಅಂದೆಯಂತೆ.

ಸಂಕ್ರಾಂತಿ ಕಳೆದು ನಿಮ್ಮ ಕಡೆ ಮೇವು ಒಣಗಿದಾಗ ನಿಮ್ಮ ದನ ನಮ್ಮ ಹೊಳೆದಂಡೆಯ ಹುಲ್ಲಿನ ಬೀಳಿಗೆ ಬಂದು ಯುಗಾದಿ ತನಕ ಮೇಯುವುದು ನಾನು ಈ ಮನೆಗೆ ಬಂದಾಗಿನಿಂದ ನಡೆದದ್ದು. ಈ ಸಲ ಭಾವ ಐದು ದನ ಹೊಡೆದುಕೊಂಡು ಬಂದಾಗ ಬೀಳಿನ ತಡಿಕೆಗೆ ಅಡ್ಡ ನಿಂತವಳು ನಾನು. ಅವರು ಬೈಯಲಿಲ್ಲ. "ಆಯ್ತು ಕಣವ್ವ, ಬುಡು" ಅಂದು ದನ ತಿರುಗಿಸಿದರು. ಒಂದು ಲೋಟ ನೀರು ಕುಡಿದು ಹೋಗಿ ಅನ್ನಲೂ ನನಗೆ ಬಾಯಿ ಬರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾರ್ತಿಕದಲ್ಲಿ ನಮ್ಮ ಎರಡು ಸೀಮೆಹಸು ಉಣ್ಣೆಜ್ವರಕ್ಕೆ ಹೋದದ್ದು ನಿನಗೆ ಗೊತ್ತಲ್ಲ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿ ಮೂರೇ ದಿನ. ದನದ ಡಾಕ್ಟರು ಬಂದು, ರಕ್ತ ಹೀರುವ ಈ ಉಣ್ಣೆಹುಳ ದನದ ಮೈಮೇಲಷ್ಟೇ ಅಲ್ಲ, ಅದರ ಮರಿಗಳು ಹುಲ್ಲಿನಲ್ಲೂ ಕಾದು ಕೂತಿರುತ್ತವೆ ಅಂದರು. ಯುಗಾದಿ ಕಳೆಯುವ ತನಕ ಬೀಳಿಗೆ ಯಾವ ದನವನ್ನೂ ಬಿಡಬೇಡಿ, ಆ ಮರಿಗಳು ರಕ್ತ ಸಿಗದೆ ಸಾಯುತ್ತವೆ; ಆಮೇಲೂ ಹೊರಗಿನ ದನ ಬಂದರೆ ಹತ್ತು ದಿನ ಬೇರೆ ಕಟ್ಟಿ, ಔಷಧಿ ನೀರಲ್ಲಿ ಮೈ ತೊಳೆದೇ ಒಳಗೆ ಬಿಡಿ ಎಂದು ಹೇಳಿ ಹೋದರು.

ಅಲ್ಲಿಂದ ನನ್ನ ತಲೆ ಗೊಂದಲದ ಗೂಡಾಗಿದೆ. ಪಕ್ಕದ ಹೊಲದ ಬಸವರಾಜು ಬೀಳಿಗೆ ಬೆಂಕಿ ಕೊಡಿ ಅನ್ನುತ್ತಾನೆ. ನಮ್ಮ ಯಜಮಾನರು ಹೊಗೆಸೊಪ್ಪಿನ ಕಡ್ಡಿ ನೆನೆಸಿದ ನೀರು ಚಿಮುಕಿಸೋಣ ಅನ್ನುತ್ತಾರೆ. ಆ ಹುಲ್ಲು ತಿಂದು ದನಕ್ಕೆ ತಲೆ ತಿರುಗಿದರೆ? ನಾನು ಕೋಳಿ ಬಿಟ್ಟಿದ್ದೇನೆ. ಅವು ಉಣ್ಣೆ ತಿನ್ನುತ್ತವೋ, ಕಣದಲ್ಲಿ ಒಣಗಲು ಹಾಕಿದ ರಾಗಿ ತಿನ್ನುತ್ತವೋ, ದೇವರೇ ಬಲ್ಲ. ದನ ಬಿಡಬೇಡಿ ಅಂದರು, ಸರಿ. ಕುರಿ ಬಿಡಬಹುದೋ ಕೇಳುವುದನ್ನೇ ಮರೆತೆ. ಕೊಟ್ಟಿಗೆಯಲ್ಲಿ ಮೂರು ಕುರಿ ಬೆಳಿಗ್ಗೆಯಿಂದ ಅರಚುತ್ತಿವೆ. ಇನ್ನು ಬೇಲಿ ನುಸುಳುವ ಮೊಲಕ್ಕೆ ಬುದ್ಧಿ ಹೇಳುವವರು ಯಾರು?

ಇಷ್ಟು ಬರೆದು, ತಪ್ಪು ತಿಳಿಯಬೇಡ ಅಕ್ಕ ಎಂದು ಕಾಗದ ಮುಗಿಸಬೇಕೆಂದೇ ಕೂತಿದ್ದೆ. ಕೈ ಮುಂದೆ ಹೋಗುತ್ತಿಲ್ಲ. ಅವತ್ತು ಡಾಕ್ಟರು, ಹೊರಗಿನ ದನ ಏನಾದರೂ ಬಂದಿದ್ದವಾ ಎಂದು ಕೇಳಿದಾಗ ಇವರು ನನ್ನ ಮುಖ ನೋಡಿದರು. ನಾನು, "ನಮ್ಮಕ್ಕನ ಮನೆ ದನ ಬಂದಿದ್ದೊ" ಅಂದುಬಿಟ್ಟೆ. ಸುಳ್ಳಲ್ಲ, ಬಂದಿದ್ದವು. ಆದರೆ ಅವು ಹಿಂದಿನ ಯುಗಾದಿಗೇ ವಾಪಸು ಹೋಗಿದ್ದವು.

ದೀಪಾವಳಿಗೆ ಮುಂಚೆ ಕೊಪ್ಪದ ಕಡೆಯವರೊಬ್ಬರಿಂದ ಕಪ್ಪು ಹಸು ತಂದೆನಲ್ಲ, ಇವರು ಬೇಡ ಬೇಡ ಅಂದರೂ ಹಟ ಹಿಡಿದು? ಕಿವಿ ನೋಡಿದೆಯಾ ಎಂದು ಇವರು ಕೇಳಿದರು. ನೋಡಿದೆ, ಏನೂ ಇಲ್ಲ ಅಂದೆ. ನೋಡಿದ್ದೇನೋ ನಿಜ. ಕಿವಿಯ ಒಳಗೆ, ಬಾಲದ ಬುಡದಲ್ಲಿ ಉಣ್ಣೆಗಳು ಹರಳುಬೀಜ ಅಂಟಿಸಿದ ಹಾಗಿದ್ದವು. ಕೈಗೆ ಸಿಕ್ಕಷ್ಟು ಕಿತ್ತು ಕೆಂಡಕ್ಕೆ ಹಾಕಿ, ಅವತ್ತೇ ಬೀಳಿಗೆ ಬಿಟ್ಟೆ. ತಂದ ದಿನವೇ ಸೋತೆ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಭಾವನ ಮುಂದೆ ತಡಿಕೆ ಹಿಡಿದು ನಿಂತಾಗಲೂ ಇದೆಲ್ಲ ನನಗೆ ಗೊತ್ತಿತ್ತು. ನನ್ನ ತಪ್ಪನ್ನು ನಿನ್ನ ದನದ ಮೇಲೆ ಹಾಕಿ, ಅವನ್ನು ಹಸಿದ ಹೊಟ್ಟೆಯಲ್ಲಿ ಹಿಂದಕ್ಕೆ ಕಳಿಸಿದೆ. ನನಗೆ ನಾಚಿಕೆಯಾಗುತ್ತಿದೆ ಅಕ್ಕ.

ಇವರು ಇವತ್ತಿಗೂ ನಿಮ್ಮ ದನದಿಂದಲೇ ಉಣ್ಣೆ ಬಂತು ಎಂದು ನಂಬಿದ್ದಾರೆ. ನಿಜ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ, ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಿದೆ.

ಬೀಳನ್ನು ಈಗಲೂ ತೆರೆಯುವಂತಿಲ್ಲ. ಉಣ್ಣೆ ಯಾರದಾದರೇನು, ನಿನ್ನ ದನಕ್ಕೂ ಜ್ವರ ಬಂದೀತು. ಅದಕ್ಕೆ ಒಂದು ಗಾಡಿ ರಾಗಿಹುಲ್ಲು ಕಳಿಸುತ್ತಿದ್ದೇನೆ. ದನ ಹಸಿದಿರಬಾರದು ಎಂದು ಇವರೂ ಒಪ್ಪಿದರು. ಮುಗಿದರೆ ಇನ್ನೊಂದು ಗಾಡಿ ಬರುತ್ತದೆ. ಭಾವನಿಗೆ ಏನು ಹೇಳಬೇಕೋ ತೋಚುತ್ತಿಲ್ಲ, ನೀನೇ ಹೇಳು. ಬೈಯುವುದಕ್ಕಾದರೂ ಹೊಳೆ ದಾಟಿ ಬಾ.

ನಿನ್ನ ತಂಗಿ,
ವಿಮಲ

ಮರೆತ ಮಾತು: ಗಾಡಿ ಹೊಡೆದುಕೊಂಡು ಬರುವವರು ನಮ್ಮ ಯಜಮಾನರೇ, ಕಾಗದವೂ ಅವರ ಜೇಬಿನಲ್ಲೇ ಬರುತ್ತದೆ. ಲಕೋಟೆಗೆ ಅಂಟು ಹಚ್ಚಿಲ್ಲ, ಬೇಕೆಂದೇ. ಎತ್ತುಗಳಿಗೆ ದಾರಿ ಗೊತ್ತು, ಇವರಿಗೆ ಓದದೆ ಇರಲು ಆಗುವುದಿಲ್ಲ. ಇದು ನಿನ್ನ ಕೈ ಸೇರಿದ್ದರೆ, ಎಲ್ಲ ಓದಿಯೂ ಗಾಡಿ ತಿರುಗಿಸದೆ ಬಂದಿದ್ದಾರೆ ಎಂದು ತಿಳಿದುಕೋ. ಮೊದಲು ಊಟಕ್ಕೆ ಬಡಿಸು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ.