ನಾಮಪತ್ರ ಹಿಂದೆ ತೆಗೆಯುವುದಿಲ್ಲ

ಕುಂಜತ್ತೂರು
22-11-2025

ಪ್ರೀತಿಯ ಲೋಕಣ್ಣನಿಗೆ ತಂಗಿ ರಾಜೀವಿಯ ನಮಸ್ಕಾರಗಳು.

ನೀನು ನನ್ನ ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಅದು ಸಂಜೆಯೊಳಗೆ ಪಕ್ಷದ ಗ್ರೂಪಿನಲ್ಲಿರುತ್ತದೆ. ಹಾಗಾಗಿ ಈ ಕಾಗದ.

ನಿನ್ನೆ ನಿಮ್ಮ ಪಕ್ಷದ ಹುಡುಗ ಪ್ರವೀತನನ್ನು ಕಳಿಸಿದ್ದೆಯಲ್ಲ, ಪಾಪ, ಚಹಾ ಮುಗಿಯುವವರೆಗೂ ಅವನು ವಿಷಯಕ್ಕೇ ಬರಲಿಲ್ಲ. ಆಮೇಲೆ, "ಅಕ್ಕ, ವಾರ್ಡು ಈ ಸಲ ಜನರಲ್ ಅಲ್ವಾ, ಅಣ್ಣನೇ ನಿಲ್ಲುದು. ನೀವು ಸೋಮವಾರ ನಾಮಪತ್ರ ಹಿಂದೆ ತೆಗೀಬೇಕಂತೆ" ಎಂದ. ಜನರಲ್ ಎಂದರೆ ಗಂಡಸರದ್ದು ಎಂದು ನಿನಗೆ ಯಾರು ಹೇಳಿದರು?

ಕಳೆದ ಸಲ ವಾರ್ಡು ಮಹಿಳೆಯರಿಗೆ ಮೀಸಲಾದಾಗ ನನ್ನನ್ನು ಹೊಲಿಗೆ ಮೆಷಿನಿನಿಂದ ಎಬ್ಬಿಸಿಕೊಂಡು ಹೋದವನು ನೀನೇ. "ನೀನು ಸೈನ್ ಹಾಕಿದ್ರೆ ಸಾಕು ಮಾರಾಯ್ತಿ, ಬಾಕಿ ನಾನು ನೋಡ್ತೇನೆ" ಎಂದಿದ್ದೆ. ಚೆನ್ನಾಗಿಯೇ ನೋಡಿದೆ! ನಾನು ಗೆದ್ದು ಪಂಚಾಯತ್ ಅಧ್ಯಕ್ಷೆಯಾದ ಮೊದಲ ವರ್ಷವಿಡೀ ನನ್ನ ಮೊಬೈಲು ನಿನ್ನ ಜೇಬಿನಲ್ಲಿತ್ತು. ಯಾರು ಕರೆದರೂ, "ಅವಳು ಅಡಿಗೆಯಲ್ಲಿದ್ದಾಳೆ, ಎಂತ ಹೇಳಿ" ಎನ್ನುತ್ತಿದ್ದೆ. ನಾನು ಪಂಚಾಯತ್ ಕಚೇರಿಯಲ್ಲಿ ನಿನ್ನ ಪಕ್ಕದಲ್ಲೇ ಕೂತಿರುತ್ತಿದ್ದೆ.

ಕುಡಿಯುವ ನೀರಿನ ಪೈಪು ಮೊದಲು ನಿನ್ನ ಸ್ನೇಹಿತನ ಬಾಡಿಗೆ ಕ್ವಾರ್ಟರ್ಸಿಗೆ ಹೋಗಲಿ ಎಂದು ನೀನು ಹೇಳಿದೆ. ನಾನದನ್ನು ಗುಡ್ಡದ ಮೇಲಿನ ಕಾಲನಿಗೆ ತಿರುಗಿಸಿದೆ. ಅಂದಿನಿಂದ ನಿನಗೆ ನಾನು ತಂಗಿಯಲ್ಲ. ಅದಕ್ಕಾಗಿ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ವಿದ್ಯಾನಗರದ ಜಿಲ್ಲಾ ಕಚೇರಿಗೆ ಬಸ್ಸಿನಲ್ಲಿ ಅಲೆದು ಆ ಪೈಪು ಮಂಜೂರು ಮಾಡಿಸಿಕೊಂಡು ಬಂದವಳು ನಾನು. ಕಾಲನಿಯ ಕೈಜಮ್ಮ ನಲ್ಲಿ ತಿರುಗಿಸಿ, ಮುಖಕ್ಕೆ ನೀರೆರಚಿಕೊಂಡು ನಕ್ಕದ್ದನ್ನು ನೋಡಿದ ಮೇಲೆ, ಸೀಟು ಬಿಟ್ಟು ಸುಮ್ಮನೆ ಮನೆಯಲ್ಲಿ ಕೂರಲು ನನ್ನಿಂದಾಗದು. ಈ ಕೆಲಸ ನನಗೆ ಇಷ್ಟ, ಅಣ್ಣ. ಹೇಳಲು ನಾಚಿಕೆ ಯಾಕೆ?

ಪಕ್ಷ ನಿನಗೆ ಟಿಕೆಟು ಕೊಟ್ಟಿದೆ, ಇಟ್ಟುಕೋ. ನಾನು ಪಕ್ಷೇತರಳಾಗಿಯೇ ನಿಲ್ಲುತ್ತೇನೆ. ಸೋಮವಾರ ನನ್ನನ್ನು ಕಾಯಬೇಡ. ಸೋತರೆ ನಿನ್ನ ಮೆರವಣಿಗೆಯನ್ನು ಅಂಗಳದಲ್ಲಿ ನಿಂತು ನೋಡುತ್ತೇನೆ, ಬಾಗಿಲು ಹಾಕಿಕೊಳ್ಳುವುದಿಲ್ಲ. ಗೆದ್ದರೆ ನೀನೂ ಹಾಕಿಕೊಳ್ಳಬೇಡ.

ಇತಿ ನಿನ್ನ ತಂಗಿ, ಎದುರು ಅಭ್ಯರ್ಥಿ,
ರಾಜೀವಿ

ಹೇಳಲು ಬಿಟ್ಟುಹೋದದ್ದು: ನಾಳೆಯಿಂದ ಪೂಜಾಶ್ರೀ ಅತ್ತಿಗೆ ನಿನ್ನ ಮನೆಯಿಂದಲೇ ಹೊರಟು ನನ್ನ ಜೊತೆ ಮನೆಮನೆಗೆ ವೋಟು ಕೇಳಲು ಬರುತ್ತಾರೆ. ನಿನಗೆ ತಾವೇ ಹೇಳಬೇಕೆಂದಿದ್ದರು, ಈಗ ನನಗೇ ಬರೆಯಲು ಹೇಳಿದ್ದಾರೆ. ಹೆದರಿಕೆ ಏನೂ ಇಲ್ಲವಂತೆ. ನಿನ್ನ ಮುಖ ನೋಡಿದರೆ ನಗು ತಡೆಯಲು ಆಗುವುದಿಲ್ಲವಂತೆ.