ಸೆಂಟು ಹೊಡೆದ ಕಂಬಳಿ

ಕ್ಯಾಸನೂರು, ಸೊರಬ ತಾಲ್ಲೂಕು
ಜನವರಿ 19, ಭಾನುವಾರ

ಬೆಳ್ಳಿಚುಕ್ಕಿ ಇಂಟರ್‌ನ್ಯಾಷನಲ್ ಸ್ಕೂಲಿನ ಸಂಸ್ಥಾಪಕ ಅಧ್ಯಕ್ಷರೂ, ಗ್ರಾಮೀಣ ಮಕ್ಕಳ ಬಾಳಿನ ಬೆಳಕೂ (ಇದು ನಿಮ್ಮ ಫ್ಲೆಕ್ಸಿನ ಮಾತು, ನನ್ನದಲ್ಲ), ಈ ಗಳಿಗೆಯವರೆಗೂ ನನ್ನ ಯಜಮಾನರೂ ಆಗಿರುವ ಶ್ರೀ ಮಹಾಂತೇಶ್ ಅವರ ಸನ್ನಿಧಾನಕ್ಕೆ, ಹೆಂಡತಿ ನೀಲಾಂಬಿಕ ಮಾಡುವ ನಮಸ್ಕಾರ.

ರೀ, ನಾನಿಲ್ಲಿ ತಮ್ಮನ ಮನೆಯಲ್ಲಿ ಕ್ಷೇಮ. ಕ್ಯಾಸನೂರು ಅಂದರೆ ಮಂಗನ ಕಾಯಿಲೆ, ಉಣುಗು ಅಂತ ನೀವು ಬೆಚ್ಚಿಬೀಳುತ್ತೀರಿ. ಇಲ್ಲಿಯ ಉಣುಗು ಎಷ್ಟೋ ವಾಸಿ. ರಕ್ತ ಹೀರಿ ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರಿ ಬೀಳುತ್ತದೆ. ನಿಮ್ಮ ಆಡಳಿತ ಮಂಡಳಿಯವರಲ್ಲಿ ಆ ಸದ್ಗುಣ ನನಗಿನ್ನೂ ಕಂಡಿಲ್ಲ.

ಹೋದ ವಾರದ ವಾರ್ಷಿಕೋತ್ಸವಕ್ಕೆ ನೀವು ಕಳಿಸಿದ ಕಾರ್ಡು ತಲುಪಿತ್ತು. ‘ಸಹ ಸಂಸ್ಥಾಪಕಿ’ ಅಂತ ಬಂಗಾರದ ಬಣ್ಣದಲ್ಲಿ ಹೆಸರು ಹಾಕಿಸಿದ್ದೀರಿ, ಸಂತೋಷ. ರೇಷ್ಮೆ ಸೀರೆ ಉಟ್ಟು ಬಾ, ವೇದಿಕೆ ಮೇಲೆ ಕೂತು ನಗು, ಹಳೇ ವಿಷಯ ಎತ್ತಬೇಡ ಅಂತ ಫೋನಿನಲ್ಲಿ ಅಪ್ಪಣೆಯೂ ಆಯಿತು. ನಾನು ಬಂದಿದ್ದೆ ರೀ. ಅಡುಗೆಯ ಹುಲಿಯಮ್ಮನ ಪಕ್ಕ, ಪಾತ್ರೆ ತೊಳೆಯುವ ಕಟ್ಟೆ ಮೇಲೆ, ತಲೆ ತುಂಬ ಸೆರಗು ಹೊದ್ದು ಕೂತಿದ್ದೆ. ನೀವು ಮೈಕಿನಲ್ಲಿ ನನ್ನ ಅನಾರೋಗ್ಯಕ್ಕೆ ವಿಷಾದ ವ್ಯಕ್ತಪಡಿಸುವ ಹೊತ್ತಿಗೆ ನಾನು ಎರಡನೇ ಲಾಡು ಮುರಿಯುತ್ತಿದ್ದೆ. ಹುಲಿಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿ, ಕಾಯಿಲೆ ಭಾಳ ಜೋರೈತಿ ಬಿಡ್ರೀ ಅಕ್ಕಾರ, ಇನ್ನೊಂದು ಕೊಡ್ಲೇನು ಅಂದಳು.

ಹಳೇ ವಿಷಯ ಎತ್ತಬೇಡ ಅಂದಿರಲ್ಲ, ಅದಕ್ಕೇ ಎತ್ತುತ್ತೇನೆ. ಗೊಬ್ಬರಕ್ಕೆ ಅಂತ ರೈತರು ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಇವತ್ತು ಉಡುತಡಿಯಲ್ಲಿದ್ದ ಮಂದೆ ಮುಂದಿನ ವಾರ ಸೊರಬದ ಕಡೆ. ಮಂದೆಯ ಹಿಂದೆ ಅಪ್ಪ ಅಮ್ಮ, ಅವರ ಹಿಂದೆ ಮಕ್ಕಳು. ಆ ಮಕ್ಕಳಿಗೆ ಒಂದು ಹೊತ್ತು ಊಟ, ನಾಲ್ಕಕ್ಷರ ಕೊಡೋಣ ಅಂತ ಸಂಘ ಕಟ್ಟಿದ್ದು ನಾವಿಬ್ಬರು. ಊರವರು ನಕ್ಕಾಗ ನೀವು ಒಂದು ಮಾತು ಹೇಳಿದಿರಿ. ಮಕ್ಕಳಿಗೆ ಶಾಲೆಗೆ ಬರೋಕಾಗದಿದ್ರೆ ಶಾಲೆಗೇನು ಕಾಲಿಲ್ವಾ ಅಂದಿರಿ. ಆ ಒಂದು ಮಾತಿಗೆ ನಾನು ನಿಮಗೆ ಬಿದ್ದುಹೋದೆ. ಮಂದೆಯ ಸುತ್ತ ಕಟ್ಟುವ ಕುರಿ ಬಲೆಗೆ ಕಪ್ಪು ಹಲಗೆ ಕಟ್ಟಿ ನೀವು ಪಾಠ ಮಾಡುತ್ತಿದ್ದಿರಿ. ಹಿಂದಿನಿಂದ ಮರಿಯೊಂದು ಬಂದು ಸ್ವರಗಳ ಚಾರ್ಟನ್ನು ಅರ್ಧ ತಿಂದಿತ್ತು. ಶಿರಾಳಕೊಪ್ಪದ ಬಸ್ಸಿನಲ್ಲಿ ಕುರಿ ವಾಸನೆಗೆ ನಿಮ್ಮ ಪಕ್ಕ ಯಾರೂ ಕೂರುತ್ತಿರಲಿಲ್ಲ. ನಾನು ಕೂರುತ್ತಿದ್ದೆ.

ಆಮೇಲೆ ಶಾಲೆ ಬೆಳೆಯಿತು. ಶೆಡ್ಡು ಹೋಗಿ ಕಟ್ಟಡ, ಕಟ್ಟಡಕ್ಕೆ ಕಾಂಪೌಂಡು, ಮಕ್ಕಳ ಕೊರಳಿಗೆ ಟೈ. ಹೆಸರು ಇಂಟರ್‌ನ್ಯಾಷನಲ್, ಬಸ್ಸು ಮಾತ್ರ ಸೊರಬ ದಾಟುವುದಿಲ್ಲ. ಕಾಲಿದ್ದ ಶಾಲೆಯನ್ನು ನೀವು ಗೋಡೆಯೊಳಗೆ ಕಟ್ಟಿಹಾಕಿದಿರಿ. ಮಂದೆ ಮಕ್ಕಳು ಒಬ್ಬೊಬ್ಬರಾಗಿ ಜಾರಿದರು. ಅದನ್ನು ಕೇಳಿದ್ದಕ್ಕೆ ತಾನೇ ನಾನು ತವರಿಗೆ ಬಂದು ಕೂರಬೇಕಾಗಿ ಬಂದದ್ದು. ಕಡೆಗೆ ಉಳಿದಿದ್ದವಳು ಉಜ್ಜಪ್ಪನ ಮೊಮ್ಮಗಳು ರೋಜಾ, ಮೂರನೇ ಕ್ಲಾಸು. ಮಂದೆಯ ಜೊತೆ ಹೋಗಿದ್ದಾಳೆ, ಹಾಜರಿ ಸಾಲದು ಅಂತ ಡಿಸೆಂಬರಿನಲ್ಲಿ ಅವಳ ಹೆಸರನ್ನೂ ತೆಗೆದಿರಿ. ಟೈ ಮಕ್ಕಳ ತಾಯಂದಿರು ವಾಸನೆ ಅಂತ ದೂರು ಕೊಟ್ಟಿದ್ದರು ಅನ್ನುವುದನ್ನು ಉಜ್ಜಪ್ಪನಿಗೆ ಹೇಳಲಿಲ್ಲ. ಪರವಾಗಿಲ್ಲ, ಅವನಿಗೆ ಗೊತ್ತಿದೆ.

ಹೀಗೆ ಕುರಿಗಳನ್ನೂ ಕುರಿಯವರನ್ನೂ ಹೊರಗಟ್ಟಿದ ಮೇಲೆ ನಿಮಗೆ ಒಂದು ಮಹಾ ಯೋಚನೆ ಹೊಳೆಯಿತು. ‘ಹಟ್ಟಿಯಿಂದ ಹೈಟೆಕ್‌ಗೆ’ ಎಂಬ ರೂಪಕ! ಅದಕ್ಕೆ ಉಜ್ಜಪ್ಪನ ಕಂಬಳಿಯೂ ಅವನ ಎರಡು ಮರಿಗಳೂ ಬೇಕಾದವು. ಡಾಕ್ಟರ ಮಗ ಹರ್ಷವರ್ಧನ ಕುರುಬನ ಪಾತ್ರ. ಆ ಹುಡುಗನಿಗೆ ವಾಸನೆ ಆಗಬಾರದು ಅಂತ ಕಂಬಳಿಗೆ ಸೆಂಟು ಹೊಡೆಸಿದವರು ಯಾರು ರೀ? ಒಂದು ಬಾಟಲಿ ಪೂರ್ತಿ? ಪಾತ್ರೆ ಕಟ್ಟೆಯವರೆಗೂ ಗಮಗಮ. ಗೇಟಿನ ಹೊರಗೆ ಮೊಮ್ಮಗಳ ಜೊತೆ ಕಾಯುತ್ತಿದ್ದ ಉಜ್ಜಪ್ಪ, ನಮ್ ಕಂಬಳಿಗೇನು ಮದುವಿ ಮಾಡಾಕ್ಹತ್ಯಾರೇನು ಅಂತ ಕೇಳಿದನಂತೆ.

ಮರಿಗಳಿಗೆ ಕಂಬಳಿ ಕಣ್ಣಿಗೆ ನಮ್ಮದು, ಮೂಗಿಗೆ ಪರದೇಶದ್ದು. ಬೆದರಿದವು. ಒಂದು ಮುಖ್ಯ ಅತಿಥಿಗಳ ಹಾರಕ್ಕೆ ಬಾಯಿ ಹಾಕಿತು, ಇನ್ನೊಂದು ದೀಪದ ಕಂಬದ ಬುಡ ಒದ್ದೆ ಮಾಡಿತು. ಗಲಾಟೆ ಕೇಳಿ ಗೇಟಿನಾಚೆಯಿಂದ ರೋಜಾ ನಾಲಿಗೆ ಮಡಚಿ ಒಂದು ಕೂಗು ಹಾಕಿದಳು ನೋಡಿ, ಎರಡೂ ಮರಿ ದಾನಿಗಳ ಸಾಲು ಸೀಳಿಕೊಂಡು ಓಡಿದವು. ಅವಳು ಗೇಟಿನ ಸಂದಿಯಲ್ಲಿ ನುಗ್ಗಿ ಬಂದು, ಕಂಕುಳಿಗೆ ಒಂದೊಂದು ಇರುಕಿಕೊಂಡು, ರೂಪಕಕ್ಕೆ ವಾಪಸ್ ಒಪ್ಪಿಸಲು ನೆಟ್ಟಗೆ ವೇದಿಕೆ ಹತ್ತಿದಳು. ಇದೂ ರೂಪಕವೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅತಿಥಿಗಳು ಮೈಕು ಹಿಡಿದು, ಯಾವ ಕ್ಲಾಸು ಪುಟ್ಟಿ ಅಂದರು. ಮೂರನೇದು ಇದ್ದೆ ರೀ, ಈಗ ತೆಗದಾರ ಅಂದಳು.

ಮೈಕು ಕಿತ್ತುಕೊಂಡಿರಿ. ಮಕ್ಕಳ ತಮಾಷೆ ಸಾರ್, ಇವಳು ನಮ್ಮ ಸಂಸ್ಥೆಯ ಹೆಮ್ಮೆಯ ವಿದ್ಯಾರ್ಥಿನಿ ಅಂದಿರಿ. ಅವಳ ತಲೆ ಮೇಲೆ ಕೈಯಿಟ್ಟು ಫೋಟೊಗೆ ನಿಂತಿರಿ. ಆ ಕೈಯನ್ನು ಆಮೇಲೆ ಕರವಸ್ತ್ರದಲ್ಲಿ ಒರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಿರಾ? ಪಾತ್ರೆ ಕಟ್ಟೆಯಿಂದ ಎಲ್ಲಾ ಕಾಣುತ್ತದೆ. ಮೂರನೇ ಲಾಡನ್ನು ಹುಲಿಯಮ್ಮನ ಕೈಗೇ ವಾಪಸ್ ಕೊಟ್ಟೆ.

ಆ ಮಗು ನಿಮ್ಮ ಮಾತು ನಂಬಿತು. ಹೋದ ಸೋಮವಾರ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಚೀಲ ಹೊತ್ತು ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿದಿರಿ. ಅದು ಪ್ರೋಗ್ರಾಮಿಗೆ ಹೇಳಿದ್ದು ಅಂದಿರಂತೆ. ರೀ, ಕುರಿ ಹಿಕ್ಕೆಯ ಮೇಲೆ ಚಾಪೆ ಹಾಸಿ ಉಂಡವಳು ನಾನು. ಹೇಸಿಗೆ ಅಂದರೆ ಏನು ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ. ಈಗ ಆ ಸೆಂಟಿನ ವಾಸನೆ ಮೂಗಿನಿಂದ ಹೋಗುತ್ತಿಲ್ಲ, ಉಂಡದ್ದು ರುಚಿಸುತ್ತಿಲ್ಲ.

ರೋಜಾ ಪಾಠ ತಪ್ಪಿಸಿಕೊಂಡಿಲ್ಲ. ಡಿಸೆಂಬರಿನಲ್ಲಿ ಅವರ ಮಂದೆ ಇಳಿದಿದ್ದು ನನ್ನ ತಮ್ಮನ ಗದ್ದೆಯಲ್ಲಿ. ಅಲ್ಲಿ ಅವಳಿಗೆ ಪಾಠ ಹೇಳಿದ್ದು ನಾನು. ಕ್ಲಾಸಿನ ಯಾವ ಪಾಠವನ್ನಾದರೂ ಕೇಳಿ ನೋಡಿ. ಇನ್ನು ಮುಂದೆಯೂ ಮಂದೆ ಎಲ್ಲಿಗೆ ಹೋದರೆ ಅಲ್ಲಿಗೆ ನಾನು ಬಸ್ಸು ಹತ್ತುತ್ತೇನೆ. ಅವಳ ಹೆಸರು ಮಾತ್ರ ನಿಮ್ಮ ಶಾಲೆಯಲ್ಲಿರಲಿ. ನನಗೆ ವೇದಿಕೆ ಬೇಡ, ಬಂಗಾರದ ಅಕ್ಷರ ಬೇಡ. ನೀವು ಮೈಕಿನಲ್ಲಿ ಆಡಿದ ಮಾತು ಮೈಕಿಲ್ಲದಾಗಲೂ ನಿಜವಾಗಲಿ, ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಫ್ಲೆಕ್ಸಿನಲ್ಲಿ ದಪ್ಪಗಿದ್ದೀರಿ, ಎದುರಿಗೆ ಸೊರಗಿದ್ದೀರಿ.

ಇತಿ,
ಮೈಕಿನಲ್ಲಿ ಕಾಯಿಲೆ ಬಿದ್ದ ನಿಮ್ಮ
ನೀಲಾಂಬಿಕ

ತಾ.ಕ.: ಇದನ್ನು ಅಂಚೆಗೆ ಹಾಕಲಿಲ್ಲ. ಇವತ್ತು, ಈ ಸೋಮವಾರ ಬೆಳಿಗ್ಗೆ, ನಿಮ್ಮ ಕೈಗೆ ತಂದುಕೊಟ್ಟವಳೇ ರೋಜಾ. ಲಕೋಟೆ ಮೇಲಿನ ವಿಳಾಸವೂ ಅವಳ ಕೈಬರಹ, ಒತ್ತಕ್ಷರ ಒಂದೂ ತಪ್ಪಿಲ್ಲ, ನೋಡಿಕೊಳ್ಳಿ. ನೀವು ಇಷ್ಟುದ್ದ ಓದುವವರೆಗೂ ಅವಳು ನಿಮ್ಮ ಮೇಜಿನ ಮುಂದೆ ನಿಂತೇ ಇದ್ದಾಳೆ. ಕ್ಲಾಸಿಗೆ ಹೋಗು ಅಂತ ಸಾರ್ ಹೇಳುವವರೆಗೂ ಅಲ್ಲಾಡಬೇಡ ಅಂದಿದ್ದೇನೆ. ನಾನೂ ಕ್ಯಾಸನೂರಿನಲ್ಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿ, ಗೇಟಿನ ಹೊರಗೆ ಉಜ್ಜಪ್ಪನ ಪಕ್ಕ ಕೂತಿದ್ದೇನೆ. ಆ ಹಳೇ ಕಪ್ಪು ಹಲಗೆ ತೊಡೆ ಮೇಲಿದೆ, ಕಟ್ಟುವುದಕ್ಕೆ ಹಗ್ಗವೂ ಇದೆ. ಅವಳು ಕ್ಲಾಸಿಗೆ ಹೋದರೆ ಹಲಗೆ ಮನೆಗೆ ವಾಪಸ್. ಇಲ್ಲದಿದ್ದರೆ ಇವತ್ತಿನ ಪಾಠ ನಿಮ್ಮ ಗೇಟಿನಲ್ಲೇ.